ಮೋಲ್ ಮ್ಯಾಪಿಂಗ್ ಮತ್ತು ಚರ್ಮದ ಕ್ಯಾನ್ಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಮೇಲಿನ ಮಚ್ಚೆಗಳ ಫೋಟೋ ತೆಗೆದಿಟ್ಟುಕೊಂಡು, ಕೆಲವು ತಿಂಗಳ ನಂತರ ಮತ್ತೆ ತೆಗೆದು, ಏನಾದರೂ ಬದಲಾಗಿದೆಯಾ ಎಂದು ಹೋಲಿಸಿ ನೋಡುವುದೇ ಮೋಲ್ ಮ್ಯಾಪಿಂಗ್. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ನೆಲೆಸಿರುವ ಕನ್ನಡಿಗರಿಗೆ ಇದು ಹಳೇ ವಿಷಯ. ನಮ್ಮ ದೊಡ್ಡ ಊರುಗಳಲ್ಲೂ ಈಗ ಇದರ ಹೆಸರು ಕೇಳಿಬರುತ್ತಿದೆ. ಇದು ಯಾರಿಗೆ ಬೇಕು, ಯಾರಿಗೆ ಬೇಡ, ಕಂದು ಮೈಬಣ್ಣದ ನಾವು ನಿಜವಾಗಿ ಎಲ್ಲಿ ನೋಡಿಕೊಳ್ಳಬೇಕು ಎನ್ನುವುದೇ ಇಲ್ಲಿನ ಮುಖ್ಯ ಮಾತು.

ಮೋಲ್ ಮ್ಯಾಪಿಂಗ್‌ಗೆ ಹೋದರೆ ಏನೇನು ಮಾಡುತ್ತಾರೆ?

ಎರಡು ಕೆಲಸ. ಮೊದಲನೆಯದು ಇಡೀ ಮೈಯ ಫೋಟೋ. ಒಳಉಡುಪಿನಲ್ಲಿ ನಿಲ್ಲಿಸಿ ಮುಂದೆ, ಹಿಂದೆ, ಎರಡು ಪಕ್ಕ, ಕೈ ಎತ್ತಿ, ಕಾಲು ಮಡಚಿ ಹೀಗೆ ಗೊತ್ತಾದ ಭಂಗಿಗಳಲ್ಲಿ ತೆಗೆಯುತ್ತಾರೆ. ಅಂಗಾಲು, ಬೆರಳಿನ ಸಂದು, ಕಿವಿಯ ಹಿಂಭಾಗ, ಬೈತಲೆ ತೆಗೆದು ನೆತ್ತಿ, ಇವನ್ನೂ ನೋಡಬೇಕು. ಅಂಗಾಲು ನೋಡದೆ ಮುಗಿಸಿದರೆ ನೀವೇ ಚಪ್ಪಲಿ ಬಿಚ್ಚಿ ತೋರಿಸಿ. ಕೆಲವು ಕಡೆ ಮನುಷ್ಯನ ಸುತ್ತ 92 ಕ್ಯಾಮೆರಾ ಜೋಡಿಸಿದ ಯಂತ್ರವೇ ಇರುತ್ತದೆ. ಅದು ಕಣ್ಣು ಮಿಟುಕಿಸುವುದರೊಳಗೆ ಇಡೀ ಮೈಯ ಮೂರು ಆಯಾಮದ ಚಿತ್ರ ತೆಗೆದುಬಿಡುತ್ತದೆ.

ಎರಡನೆಯದು ಡರ್ಮೋಸ್ಕೋಪ್. ಕೈಯಲ್ಲಿ ಹಿಡಿಯುವ, ಸುಮಾರು 10 ಪಟ್ಟು ದೊಡ್ಡದು ಮಾಡಿ ತೋರಿಸುವ, ಬೆಳಕಿರುವ ಮಸೂರ. ಚರ್ಮದ ಮೇಲಿನ ಹೊಳಪನ್ನು ಇದು ತೆಗೆದುಹಾಕುತ್ತದೆ. ಹಾಗಾಗಿ ಸ್ವಲ್ಪ ಒಳಪದರದ ಬಣ್ಣ, ಅದು ಹರಡಿರುವ ರೀತಿ ಕಾಣುತ್ತದೆ. ಅನುಮಾನದ ಒಂದೊಂದು ಮಚ್ಚೆಯನ್ನೂ ಹೀಗೆ ಹತ್ತಿರದಿಂದ ತೆಗೆದು, ಅದು ಮೈಯಲ್ಲಿ ಎಲ್ಲಿದೆ ಎಂದು ಗುರುತು ಹಾಕಿಡುತ್ತಾರೆ.

ನೋವಿಲ್ಲ, ಸೂಜಿ ಇಲ್ಲ, ಎಕ್ಸ್‌ರೇ ಇಲ್ಲ. ಹೋಗುವ ಮುಂಚೆ ಮೇಕಪ್, ಅರಿಶಿನ, ಉಗುರಿನ ಬಣ್ಣ ತೆಗೆದಿರಿ. ಕೈಗೆ ಅಥವಾ ಕಾಲಿಗೆ ಮೆಹಂದಿ ಹಾಕಿಸಿಕೊಂಡಿದ್ದರೆ ಅದು ಮಾಸಿದ ಮೇಲೆ ಹೋಗುವುದು ಒಳ್ಳೆಯದು. ಹೆಂಗಸರು ಮಹಿಳಾ ಸಿಬ್ಬಂದಿ ಬೇಕು ಅಂತ ಕೇಳಬಹುದು. ಸಂಕೋಚಪಡುವಂಥದ್ದು ಅದರಲ್ಲಿ ಏನೂ ಇಲ್ಲ.

ಡಾಕ್ಟರು ಒಂದು ಸಲ ಕಣ್ಣಲ್ಲಿ ನೋಡಿದರೆ ಸಾಲದಾ? ಫೋಟೋ ಯಾಕೆ ಬೇಕು?

ಬಹಳಷ್ಟು ಜನಕ್ಕೆ ಸಾಲುತ್ತದೆ. ಮೈತುಂಬ ಮಚ್ಚೆ ಇರುವವರ ಕಥೆ ಬೇರೆ. ಬೆನ್ನಿನಲ್ಲಿ ಎಂಬತ್ತು ಮಚ್ಚೆ ಇರುವಾಗ ಎಂಬತ್ತೊಂದನೆಯದು ಯಾವಾಗ ಬಂತು ಅಂತ ಯಾರಿಗೆ ನೆನಪಿರುತ್ತದೆ? ಶಾಲೆಯ ದಾಖಲೆಯಲ್ಲಿ ಗುರುತಿನ ಚಿಹ್ನೆ ಅಂತ ಬರೆಸಿದ್ದ ಒಂದೆರಡು ಮಚ್ಚೆ ಬಿಟ್ಟರೆ ನಮ್ಮ ಮೈಮೇಲಿನ ಉಳಿದವು ನಮಗೇ ಗೊತ್ತಿರುವುದಿಲ್ಲ.

ಇನ್ನೊಂದು ಕಾರಣ ಇನ್ನೂ ಮುಖ್ಯ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್‌ಗೆ ಮೆಲನೋಮಾ ಅನ್ನುತ್ತಾರೆ. ಹಳೇ ಮಚ್ಚೆಯೇ ಕೆಟ್ಟು ಕ್ಯಾನ್ಸರ್ ಆಗುತ್ತದೆ ಎಂದು ಜನ ತಿಳಿದಿದ್ದಾರೆ. ಆದರೆ 10 ಮೆಲನೋಮಾಗಳಲ್ಲಿ ಸುಮಾರು 7 ಏನೂ ಇಲ್ಲದ ಜಾಗದಲ್ಲಿ ಹೊಸದಾಗಿ ಹುಟ್ಟುತ್ತವೆ. ಹೊಸದು ಯಾವುದು ಅಂತ ಹೇಳಬೇಕಾದರೆ ಹಿಂದೆ ಅಲ್ಲಿ ಏನಿತ್ತು ಎನ್ನುವ ದಾಖಲೆ ಬೇಕಲ್ವಾ? ಇಡೀ ಮೈಯ ಫೋಟೋ ಕೊಡುವುದು ಅದನ್ನೇ.

ಬೇಗ ಹಿಡಿಯುವುದಕ್ಕೆ ಇಷ್ಟು ಒತ್ತು ಯಾಕೆಂದರೆ, ಇಲ್ಲಿ ಲೆಕ್ಕ ಮಿಲಿಮೀಟರಿನಲ್ಲಿ ನಡೆಯುತ್ತದೆ. ಮೆಲನೋಮಾ ಚರ್ಮದೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎನ್ನುವುದರ ಮೇಲೆ ರೋಗಿಯ ಭವಿಷ್ಯ ನಿಂತಿದೆ ಎಂದು ಅಲೆಕ್ಸಾಂಡರ್ ಬ್ರೆಸ್ಲೊ ಎಂಬ ವೈದ್ಯರು 1970ರಲ್ಲಿ ತೋರಿಸಿದರು. ಇವತ್ತಿಗೂ ಲ್ಯಾಬ್ ರಿಪೋರ್ಟಿನಲ್ಲಿ ಡಾಕ್ಟರು ಮೊದಲು ಹುಡುಕುವ ಅಂಕಿ ಬ್ರೆಸ್ಲೊ ದಪ್ಪ. ಅದು 1 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಬಹುಪಾಲು ಜನ ಕತ್ತರಿಸಿ ತೆಗೆಸಿಕೊಂಡು ಗುಣವಾಗಿ ಮನೆಗೆ ಹೋಗುತ್ತಾರೆ. ಅಮೆರಿಕದ ಲೆಕ್ಕದ ಪ್ರಕಾರ, ಹುಟ್ಟಿದ ಜಾಗದಲ್ಲೇ ಇರುವಾಗ ಸಿಕ್ಕ ಮೆಲನೋಮಾದಲ್ಲಿ ಐದು ವರ್ಷದ ನಂತರ ಬದುಕಿರುವವರು ಶೇಕಡಾ 95ಕ್ಕೂ ಜಾಸ್ತಿ. ದೂರದ ಅಂಗಗಳಿಗೆ ಹರಡಿದ ಮೇಲೆ ಸಿಕ್ಕರೆ ಅರ್ಧದಷ್ಟು ಜನವೂ ಉಳಿಯುವುದಿಲ್ಲ.

ನಮ್ಮದು ಕಂದು ಚರ್ಮ. ನಮಗೆಲ್ಲಿಯ ಚರ್ಮದ ಕ್ಯಾನ್ಸರ್?

ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ಬಿಸಿಲಿನ ಹಾನಿಯನ್ನು ತಡೆಯುತ್ತದೆ. ಅದಕ್ಕೇ ಬಿಳಿಯರಿಗೆ ಹೋಲಿಸಿದರೆ ನಮ್ಮಲ್ಲಿ ಮೆಲನೋಮಾ ತುಂಬಾ ಅಪರೂಪ. ಉಳಿದರ್ಧ ಏನೆಂದರೆ, ನಮಗೆ ಬಂದಾಗ ಅದು ನಾವು ನೋಡದ ಜಾಗದಲ್ಲಿ ಬರುತ್ತದೆ. ಅಂಗಾಲು, ಅಂಗೈ, ಉಗುರಿನ ಅಡಿ. ಈ ಬಗೆಗೆ ಏಕ್ರಲ್ ಮೆಲನೋಮಾ ಎಂದು ಹೆಸರು. ಇದಕ್ಕೂ ಬಿಸಿಲಿಗೂ ಅಂಥ ನಂಟಿಲ್ಲ, ಹಾಗಾಗಿ ಮೈಬಣ್ಣ ಇಲ್ಲಿ ಕಾಯುವುದಿಲ್ಲ. ಹಾಡುಗಾರ ಬಾಬ್ ಮಾರ್ಲಿಗೆ 1977ರಲ್ಲಿ ಕಾಲಿನ ಹೆಬ್ಬೆರಳಿನ ಉಗುರಿನ ಅಡಿಯಲ್ಲಿ ಕಂಡದ್ದು ಇದೇ. 1981ರಲ್ಲಿ ಅವರು ತೀರಿಕೊಂಡಾಗ ವಯಸ್ಸು 36.

ನಮ್ಮ ಹಳ್ಳಿಗಳಲ್ಲಿ ಹೊಲ, ಗದ್ದೆ, ತೋಟದಲ್ಲಿ ಬರಿಗಾಲಲ್ಲಿ ಓಡಾಡಿದ ಪಾದದ ಮೇಲೆ ಕಪ್ಪು ಕಲೆ ಕಂಡರೆ ಯಾರೂ ಕ್ಯಾನ್ಸರ್ ಅಂದುಕೊಳ್ಳುವುದಿಲ್ಲ. ಮುಳ್ಳು ಮುರಿದಿರಬೇಕು, ಆಣಿ ಆಗಿರಬೇಕು, ಒಡೆದ ಹಿಮ್ಮಡಿಗೆ ಕೆಸರು ಸೇರಿರಬೇಕು. ಹುಣ್ಣಾದ ಮೇಲೆ ಶುಗರ್ ಗಾಯ ಅಂತ ಡ್ರೆಸಿಂಗ್ ಶುರುವಾಗುತ್ತದೆ. ತೊಡೆಸಂದಿನಲ್ಲಿ ಗಂಟು ಕಂಡಾಗ ದೊಡ್ಡಾಸ್ಪತ್ರೆಗೆ ಬರುತ್ತಾರೆ. ಅಷ್ಟರಲ್ಲಿ ರೋಗ ಪಾದ ದಾಟಿ ಮೇಲೆ ಬಂದಿರುತ್ತದೆ. ಇದು ನನಗೆ ಬಹಳ ಸಂಕಟ ಕೊಡುವ ವಿಷಯ. ಯಾಕೆಂದರೆ ಆ ಕಲೆ ಎಲ್ಲೋ ಅಡಗಿ ಕೂತಿರುವುದಿಲ್ಲ, ಕಣ್ಣಿಗೆ ಕಾಣುವ ಹಾಗೇ ಇರುತ್ತದೆ. ಪಾದ ತಿರುಗಿಸಿ ನೋಡುವವರು ಇರುವುದಿಲ್ಲ, ಅಷ್ಟೇ.

ಅಂಗಾಲಿನ ಕಪ್ಪು ಕಲೆ ಎಲ್ಲವೂ ಕ್ಯಾನ್ಸರ್ ಅಲ್ಲ. ನಮ್ಮಲ್ಲಿ ತುಂಬಾ ಜನಕ್ಕೆ ಅಲ್ಲಿ ಸಾದಾ ಮಚ್ಚೆ, ಕಂದು ಚುಕ್ಕೆ ಇರುತ್ತವೆ. ಎರಡನ್ನೂ ಬೇರೆ ಮಾಡಿ ಹೇಳಲು ಡರ್ಮೋಸ್ಕೋಪ್ ಒಳ್ಳೆಯ ಸಹಾಯ ಮಾಡುತ್ತದೆ. ಅಂಗಾಲಿನ ಚರ್ಮ ಹತ್ತಿರದಿಂದ ನೋಡಿದರೆ ಉತ್ತ ಹೊಲದ ಹಾಗಿದೆ: ಒಂದು ಏರು, ಪಕ್ಕದಲ್ಲೊಂದು ತಗ್ಗು, ಮತ್ತೆ ಏರು. ಬೆವರಿನ ರಂಧ್ರಗಳು ಏರಿನ ಮೇಲೆ ಬಿಳಿ ಚುಕ್ಕೆಗಳ ಸಾಲಾಗಿ ಕಾಣುತ್ತವೆ, ಹಾಗಾಗಿ ಏರು ಯಾವುದು ಅಂತ ಗುರುತಿಸಬಹುದು. ಸಾದಾ ಮಚ್ಚೆಯ ಬಣ್ಣ ಸಾಮಾನ್ಯವಾಗಿ ತಗ್ಗಿನಲ್ಲಿ ತೆಳು ಗೆರೆಗಳಾಗಿ ಕೂತಿರುತ್ತದೆ. ಮೆಲನೋಮಾದಲ್ಲಿ ಬಣ್ಣ ಏರಿನ ಮೇಲೆ ಅಗಲ ಪಟ್ಟಿಗಳಾಗಿ ಹರಡಿರುತ್ತದೆ. ಜಪಾನಿನ ವೈದ್ಯರು ಇದನ್ನು ವಿವರವಾಗಿ ಅಭ್ಯಾಸ ಮಾಡಿದ್ದಾರೆ, ಅವರಲ್ಲೂ ಅಂಗಾಲಿನ ಮೆಲನೋಮಾವೇ ಹೆಚ್ಚು.

ಉಗುರಿನಲ್ಲಿ ಕಪ್ಪು ಗೆರೆ ಬಂದಿದೆ. ಹೆದರಬೇಕಾ?

ಹಲವು ಉಗುರುಗಳಲ್ಲಿ ತೆಳುವಾದ, ನೇರವಾದ ಗೆರೆ ಇದ್ದರೆ ಹೆಚ್ಚಾಗಿ ಹೆದರಬೇಕಿಲ್ಲ. ಕಂದು ಚರ್ಮದವರಿಗೆ ವಯಸ್ಸಾದಂತೆ ಇದು ಸಹಜ. ಕೆಲವು ಔಷಧಿಗಳಿಂದಲೂ ಬರುತ್ತದೆ.

ಒಂದೇ ಉಗುರಿನಲ್ಲಿ ಹೊಸದಾಗಿ ಬಂದು, ತಿಂಗಳು ತಿಂಗಳಿಗೆ ಅಗಲವಾಗುತ್ತಿದ್ದರೆ ತೋರಿಸಲೇಬೇಕು. ಅದು ಹೆಬ್ಬೆರಳಾಗಿದ್ದರೆ ಇನ್ನೂ ಬೇಗ. ಗೆರೆಯ ಬಣ್ಣ ಒಂದೇ ಥರ ಇಲ್ಲದಿದ್ದರೆ, ಉಗುರು ಸೀಳುತ್ತಿದ್ದರೆ, ಮುಖ್ಯವಾಗಿ ಆ ಕಪ್ಪು ಉಗುರಿನ ಬುಡದ ಚರ್ಮಕ್ಕೂ ಹರಡಿದ್ದರೆ ಉಗುರುಸುತ್ತು ಅಂತ ಮುಲಾಮು ಹಚ್ಚುತ್ತಾ ಕೂರಬೇಡಿ.

ಕಲ್ಲು ಬಿದ್ದು ಅಥವಾ ಬಾಗಿಲಿಗೆ ಸಿಕ್ಕಿ ರಕ್ತ ಹೆಪ್ಪುಗಟ್ಟಿದ್ದರೆ ಆ ಕಲೆ ಉಗುರಿನ ಜೊತೆ ಮುಂದಕ್ಕೆ ಸಾಗುತ್ತದೆ, ಬುಡದಲ್ಲಿ ಹೊಸ ಉಗುರು ಬೆಳ್ಳಗೆ ಬರುತ್ತದೆ. ಮೊಬೈಲಲ್ಲಿ ಒಂದು ಫೋಟೋ ತೆಗೆದಿಟ್ಟು ಒಂದೆರಡು ತಿಂಗಳಿಗೆ ಹೋಲಿಸಿದರೆ ಗೊತ್ತಾಗುತ್ತದೆ. ಕಾಲಿನ ಹೆಬ್ಬೆರಳಿನ ಉಗುರು ಪೂರ್ತಿ ಬೆಳೆಯಲು ವರ್ಷಕ್ಕೂ ಜಾಸ್ತಿ ಬೇಕು. ಪೂರ್ತಿ ಹೋಗಲಿ ಅಂತ ಕಾಯಬೇಡಿ, ಮುಂದಕ್ಕೆ ಸಾಗುತ್ತಿದೆಯಾ ಅಂತ ನೋಡಿದರೆ ಸಾಕು.

ಯಾವ ಥರದ ಮಚ್ಚೆ ಕಂಡರೆ ಅನುಮಾನಪಡಬೇಕು?

ನ್ಯೂಯಾರ್ಕಿನ ವೈದ್ಯರು 1985ರಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ಗುರುತು ಹೇಳಿದರು, ಇವು ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳು. ಮಚ್ಚೆಯ ಒಂದು ಅರ್ಧ ಇನ್ನೊಂದರ್ಧದ ಹಾಗಿಲ್ಲದಿರುವುದು, ಅಂಚು ಹರಿದ ಹಾಗಿರುವುದು, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ ಇರುವುದು, ಅಗಲ 6 ಮಿಲಿಮೀಟರ್ ದಾಟಿರುವುದು. 2004ರಲ್ಲಿ ಇ ಸೇರಿಸಿದರು, ಅಂದರೆ ಬದಲಾವಣೆ. ನನ್ನ ಕೇಳಿದರೆ ಐದರಲ್ಲಿ ಕೊನೆಯದೇ ಮುಖ್ಯ. ಬೆಳೆಯುತ್ತಿರುವ, ಬಣ್ಣ ಬದಲಿಸುತ್ತಿರುವ, ತಾನಾಗಿ ರಕ್ತ ಒಸರುವ ಮಚ್ಚೆ 4 ಮಿಲಿಮೀಟರ್ ಇದ್ದರೂ ತೋರಿಸಿ.

ಇನ್ನೊಂದು ಸುಲಭದ ಉಪಾಯ ಇದೆ. ಒಬ್ಬರ ಮೈಮೇಲಿನ ಮಚ್ಚೆಗಳು ಹೆಚ್ಚಾಗಿ ಒಂದೇ ಜಾಯಮಾನದವು. ಎಲ್ಲವೂ ತಿಳಿ ಕಂದು ಇರುವಾಗ ಒಂದು ಮಾತ್ರ ಕಡುಗಪ್ಪು ಇದ್ದರೆ, ಗುಂಪಿಗೆ ಸೇರದ ಅದನ್ನೇ ಮೊದಲು ನೋಡಬೇಕು.

ಕೆಲವು ಮೆಲನೋಮಾ ಈ ಲಕ್ಷಣಗಳಿಗೆಲ್ಲ ಸಿಗುವುದಿಲ್ಲ. ಗುಂಡಗೆ, ಗಟ್ಟಿಯಾಗಿ, ಉಬ್ಬಿಕೊಂಡು ವಾರ ವಾರಕ್ಕೂ ಬೆಳೆಯುತ್ತವೆ. ಕೆಲವು ಕಪ್ಪಿರುವುದೇ ಇಲ್ಲ, ಗುಲಾಬಿ ಬಣ್ಣದ ಗುಳ್ಳೆಯ ಹಾಗಿರುತ್ತವೆ. ಒಂದು ತಿಂಗಳಿಂದ ಬೆಳೆಯುತ್ತಲೇ ಇರುವ ಗಟ್ಟಿ ಗುಳ್ಳೆಗೆ ಮುಂದಿನ ಮ್ಯಾಪಿಂಗ್ ದಿನಾಂಕದವರೆಗೆ ಕಾಯಬಾರದು.

ಮುಖದ ತುಂಬ ಸಣ್ಣ ಸಣ್ಣ ಕಪ್ಪು ಗುಳ್ಳೆ ಬರುತ್ತಿವೆ, ಅಮ್ಮನಿಗೂ ಹೀಗೇ ಇತ್ತು.

ಕೆನ್ನೆ, ಕಣ್ಣಿನ ಸುತ್ತ, ಕುತ್ತಿಗೆ ಮೇಲೆ ನಡುವಯಸ್ಸಿನಲ್ಲಿ ಏಳುವ ಈ ಗುಳ್ಳೆಗಳು ಹೆಚ್ಚಿನ ಪಾಲು ಮಚ್ಚೆಗಳೇ ಅಲ್ಲ. ಮನೆತನದಲ್ಲಿ ಬರುತ್ತವೆ, ನಿರಪಾಯ. ನರೂಲಿ, ಚಿಬ್ಬು, ಬಂಗು ಇವೂ ಮೆಲನೋಮಾ ಆಗುವುದಿಲ್ಲ. ಮೂಗಿನ ಪಕ್ಕ ಅಥವಾ ಕಣ್ಣಿನ ಹತ್ತಿರ ಹೊಳೆಯುವ ಕಪ್ಪು ಗಂಟು ಬಂದು, ನಡುವೆ ಹುಣ್ಣಾಗಿ, ಹಕ್ಕಳೆ ಕಟ್ಟಿ ಮತ್ತೆ ಒಡೆಯುತ್ತಿದ್ದರೆ ಮಾತ್ರ ತೋರಿಸಿ. ಬೇಸಲ್ ಸೆಲ್ ಎಂಬ ಕ್ಯಾನ್ಸರ್ ನಮ್ಮ ಚರ್ಮದಲ್ಲಿ ಹೀಗೆ ಮಚ್ಚೆಯ ವೇಷದಲ್ಲಿ ಬರುತ್ತದೆ. ಅದು ಹರಡುವುದು ತೀರಾ ಅಪರೂಪ, ಆದರೆ ಬಿಟ್ಟರೆ ಅಲ್ಲಲ್ಲೇ ತಿನ್ನುತ್ತಾ ಹೋಗುತ್ತದೆ.

ಹಾಗಾದರೆ ಯಾರು ಮೋಲ್ ಮ್ಯಾಪಿಂಗ್ ಮಾಡಿಸಬೇಕು?

ಮೈಮೇಲೆ 100ಕ್ಕಿಂತ ಹೆಚ್ಚು ಮಚ್ಚೆ ಇರುವವರು. ತೀರಾ ಕಡಿಮೆ ಮಚ್ಚೆ ಇರುವವರಿಗೆ ಹೋಲಿಸಿದರೆ ಇವರಿಗೆ ಮೆಲನೋಮಾ ಸಾಧ್ಯತೆ ಏಳು ಪಟ್ಟಿನ ಹತ್ತಿರ ಬರುತ್ತದೆ ಎಂದು ಬಿಳಿಯರಲ್ಲಿ ನಡೆದ ಅಧ್ಯಯನಗಳು ಹೇಳುತ್ತವೆ. ಹಾಗೆಯೇ ಈ ಮೊದಲು ಮೆಲನೋಮಾ ಬಂದವರು, ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಬಂದಿರುವವರು, ವಿಚಿತ್ರ ಆಕಾರದ ಮಚ್ಚೆಗಳು ಹಲವಾರು ಇರುವವರು. ಹುಟ್ಟಿನಿಂದಲೇ ಅಂಗೈಗಿಂತ ದೊಡ್ಡದಾದ ಕಪ್ಪು ಮಚ್ಚೆ ಇರುವ ಮಕ್ಕಳನ್ನೂ ಚರ್ಮದ ಡಾಕ್ಟರು ನೋಡುತ್ತಾ ಇರಬೇಕು.

ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುವವರಿಗೆ, ಹುಟ್ಟಿನಿಂದ ಚರ್ಮದಲ್ಲಿ ಬಣ್ಣವೇ ಇಲ್ಲದ ಆಲ್ಬಿನಿಸಂ ಇರುವವರಿಗೆ ಬೇರೆ ಬಗೆಯ ಚರ್ಮದ ಕ್ಯಾನ್ಸರ್ ಬೇಗ ಬರಬಹುದು. ಅವರಿಗೆ ಬೇಕಾದ್ದು ಮಚ್ಚೆಯ ಫೋಟೋಗಿಂತ ಹೆಚ್ಚಾಗಿ ತಪ್ಪದ ಚರ್ಮ ತಪಾಸಣೆ ಮತ್ತು ಬಿಸಿಲಿನಿಂದ ರಕ್ಷಣೆ.

ನಿಮಗೆ ಇಪ್ಪತ್ತು ಮಚ್ಚೆ ಇದ್ದು, ಯಾವುದೂ ಬದಲಾಗದೆ, ಮನೆಯಲ್ಲಿ ಯಾರಿಗೂ ಈ ರೋಗ ಇಲ್ಲದಿದ್ದರೆ ದುಡ್ಡು ಕೊಟ್ಟು ಮ್ಯಾಪಿಂಗ್ ಮಾಡಿಸುವ ಅಗತ್ಯ ಇಲ್ಲ. ಹೆಲ್ತ್ ಪ್ಯಾಕೇಜಿನಲ್ಲಿ ಸೇರಿಸಿದ್ದಾರೆ ಅಂತ ಸುಮ್ನೆ ಮಾಡಿಸಬೇಡಿ. ಹೆಚ್ಚು ನೋಡಿದಷ್ಟೂ ನಿರಪಾಯದ ಮಚ್ಚೆಗಳನ್ನೂ ಕತ್ತರಿಸುವುದು ಹೆಚ್ಚುತ್ತದೆ, ಗಾಯದ ಗುರುತು ಉಳಿಯುತ್ತದೆ. ಲಕ್ಷಣ ಇಲ್ಲದವರನ್ನೆಲ್ಲ ಹೀಗೆ ಪರೀಕ್ಷಿಸುವುದರಿಂದ ಲಾಭವೇ ಹೆಚ್ಚು ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು ಅಮೆರಿಕದ ತಜ್ಞರ ಸಮಿತಿ 2023ರಲ್ಲೂ ಹೇಳಿದೆ.

ನಾವು ಆಸ್ಟ್ರೇಲಿಯಾದಲ್ಲಿ ಇದ್ದೇವೆ. ಇಲ್ಲಿ ಎಲ್ಲರೂ ಮಾಡಿಸುತ್ತಾರಲ್ಲ?

ಅಲ್ಲಿಯ ಭಯಕ್ಕೆ ಕಾರಣ ಇದೆ. ಮೆಲನೋಮಾ ಪ್ರಮಾಣದಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜಗತ್ತಿನಲ್ಲೇ ಮುಂದಿವೆ. ಅಂಗಿ ಹಾಕಿ, ಸನ್‌ಸ್ಕ್ರೀನ್ ಹಚ್ಚಿ, ಟೋಪಿ ಇಡಿ ಎಂದು ಹೇಳುವ ಸ್ಲಿಪ್ ಸ್ಲಾಪ್ ಸ್ಲ್ಯಾಪ್ ಪ್ರಚಾರ 1981ರಿಂದ ನಡೆದಿದೆ. ಆದರೂ ಅಲ್ಲಿ ಇಡೀ ಜನಸಂಖ್ಯೆಗೆ ಸರ್ಕಾರಿ ಚರ್ಮ ತಪಾಸಣೆ ಯೋಜನೆ ಇಲ್ಲ. ಅಪಾಯ ಜಾಸ್ತಿ ಇರುವವರನ್ನು ಗುರುತಿಸಿ ನೋಡುತ್ತಾರೆ. ಕನ್ನಡದ ಮನೆಯ ಮಕ್ಕಳಿಗೆ ಪಕ್ಕದ ಮನೆಯ ಬಿಳಿ ಚರ್ಮದ ಮಕ್ಕಳಷ್ಟು ಅಪಾಯ ಇಲ್ಲ. ಮೊದಲು ನಿಮ್ಮ ಜಿಪಿ (ಫ್ಯಾಮಿಲಿ ಡಾಕ್ಟರು) ಬಳಿ ಚರ್ಮ ತೋರಿಸಿ, ಅಂಗಾಲು, ಉಗುರನ್ನೂ ನೋಡಿ ಅಂತ ಕೇಳಿ. ಇಡೀ ಮೈ ಫೋಟೋ ತೆಗೆಸುವ ಖರ್ಚು ಸಾಮಾನ್ಯವಾಗಿ ಕೈಯಿಂದಲೇ. ಮೊದಲೇ ವಿಚಾರಿಸಿಕೊಳ್ಳಿ. ಊರಿಂದ ಬಂದ ಅಪ್ಪ ಅಮ್ಮನಿಗೆ ವಿಸಿಟರ್ ವೀಸಾದಲ್ಲಿ ಅಲ್ಲಿಯ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಸಿಗುವುದಿಲ್ಲ, ವಿಮೆಯ ಷರತ್ತು ನೋಡಿ.

ಮಚ್ಚೆಗೆ ಸೂಜಿ, ಬ್ಲೇಡು ತಾಗಿಸಿದರೆ ಕ್ಯಾನ್ಸರ್ ಹರಡುತ್ತದಂತೆ, ನಿಜವಾ?

ಅಲ್ಲ. ಈ ಒಂದು ಮಾತು ಕೇಳಿ ಎಷ್ಟೋ ಜನ ಬಯಾಪ್ಸಿ (ಚರ್ಮದ ತುಣುಕು ತೆಗೆದು ಲ್ಯಾಬಿನಲ್ಲಿ ನೋಡುವ ಪರೀಕ್ಷೆ) ಬೇಡ ಅಂತ ಎದ್ದು ಹೋಗುತ್ತಾರೆ. ಬಯಾಪ್ಸಿಯಿಂದ ಮೆಲನೋಮಾ ಹರಡುವುದಿಲ್ಲ. ತಡ ಮಾಡುವುದರಿಂದ ಹರಡುತ್ತದೆ. ಜಾಗ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸಾಧ್ಯವಾದರೆ ಇಡೀ ಮಚ್ಚೆಯನ್ನು ಸುತ್ತ ಒಂದೆರಡು ಮಿಲಿಮೀಟರ್ ಒಳ್ಳೆಯ ಚರ್ಮದ ಸಮೇತ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಅವತ್ತೇ ಮನೆಗೆ ಹೋಗಬಹುದು. ಮ್ಯಾಪಿಂಗ್ ಎಷ್ಟೇ ಚೆನ್ನಾಗಿ ನಡೆದರೂ ಅದು ಅನುಮಾನ ಹೇಳುತ್ತದೆ. ಖಚಿತ ಉತ್ತರ ಕೊಡುವುದು ಈ ತುಣುಕು ಮಾತ್ರ.

ಪಾರ್ಲರಿನಲ್ಲಿ ಸುಡಿಸಿಬಿಟ್ಟರೆ ಆಗುವುದಿಲ್ಲವಾ? ಸುಣ್ಣ ಸೋಡಾ ಹಚ್ಚಿದರೆ?

ದಯವಿಟ್ಟು ಬೇಡ. ಸುಟ್ಟರೆ ಅಥವಾ ಲೇಸರಿನಲ್ಲಿ ತೆಗೆದರೆ ಲ್ಯಾಬಿಗೆ ಕಳಿಸಲು ಏನೂ ಉಳಿಯುವುದಿಲ್ಲ. ಅದು ಮೆಲನೋಮಾ ಆಗಿದ್ದರೆ ಮೇಲಿನ ಬಣ್ಣ ಹೋಗಿ ಕೆಳಗಿನದು ಬೆಳೆಯುತ್ತಿರುತ್ತದೆ, ಎಲ್ಲರೂ ವಾಸಿಯಾಯಿತು ಅಂದುಕೊಂಡಿರುತ್ತಾರೆ. ಪಾದದ ಆಣಿ ಅಂತ ಬ್ಲೇಡಿನಲ್ಲಿ ಕೊಯ್ದುಕೊಳ್ಳುವುದೂ ಅಷ್ಟೇ. ಚಂದಕ್ಕಾಗಿ ಮಚ್ಚೆ ತೆಗೆಸುವುದು ತಪ್ಪಲ್ಲ. ಚರ್ಮದ ಡಾಕ್ಟರ ಬಳಿ ತೆಗೆಸಿ, ತೆಗೆದದ್ದನ್ನು ಲ್ಯಾಬಿಗೆ ಕಳಿಸುತ್ತೀರಾ ಅಂತ ಕೇಳಿ.

ಫೋನಿನ ಆ್ಯಪ್ ಫೋಟೋ ನೋಡಿ ಹೇಳುತ್ತದಂತಲ್ಲ?

ಮೆಲನೋಮಾ ಕಂಡುಹಿಡಿಯುತ್ತೇವೆ ಎಂದು ಆಧಾರ ಇಲ್ಲದೆ ಜಾಹೀರಾತು ಮಾಡಿದ್ದಕ್ಕೆ 2015ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಮೆಲ್‌ಆ್ಯಪ್, ಮೋಲ್ ಡಿಟೆಕ್ಟಿವ್ ಎಂಬ ಆ್ಯಪ್‌ಗಳ ಮಾರಾಟಗಾರರ ಮೇಲೆ ಕ್ರಮ ತೆಗೆದುಕೊಂಡಿತು. ಅಲ್ಲಿಂದ ತಂತ್ರಜ್ಞಾನ ಬಹಳ ಮುಂದೆ ಬಂದಿದೆ ನಿಜ. ಆದರೆ ಈ ಯಂತ್ರಗಳು ಕಲಿತಿರುವುದು ಬಹುಪಾಲು ಬಿಳಿ ಚರ್ಮದ ಫೋಟೋಗಳಿಂದ. ನಮ್ಮ ಅಂಗಾಲಿನ ಕಪ್ಪು ಕಲೆ ಅವಕ್ಕೆ ಅಪರಿಚಿತ. ಫೋನನ್ನು ಫೋಟೋ ಇಟ್ಟುಕೊಳ್ಳಲು ಬಳಸಿ. ಏನೂ ಇಲ್ಲ ಅಂತ ಆ್ಯಪ್ ಹೇಳಿದ್ದನ್ನು ನಂಬಿ ಸುಮ್ಮನಾಗಬೇಡಿ.

ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ?

ತಿಂಗಳಿಗೊಮ್ಮೆ ಸಾಕು. ಎಣ್ಣೆ ಸ್ನಾನದ ದಿನ ಇಟ್ಟುಕೊಂಡರೆ ಮರೆಯುವುದಿಲ್ಲ, ಎಣ್ಣೆ ಹಚ್ಚುವಾಗ ಹೇಗೂ ಮೈಯೆಲ್ಲ ಕೈಗೆ ಸಿಗುತ್ತದೆ. ಬೆಳಕಿರುವ ಕಡೆ ಕೂತು ಪಾದ ತಿರುಗಿಸಿ, ಬೆರಳುಗಳನ್ನು ಬಿಡಿಸಿ ನೋಡಿ. ಬೆನ್ನನ್ನು ಮನೆಯವರು ನೋಡಲಿ. ಅಜ್ಜ ಅಜ್ಜಿಗೆ ಬಗ್ಗಲು ಆಗುವುದಿಲ್ಲ, ಅವರ ಅಂಗಾಲನ್ನು ನೀವೇ ನೋಡಬೇಕು. ಶುಗರ್ ಇದ್ದವರ ಪಾದವನ್ನು ಹೇಗೂ ದಿನಾ ನೋಡಬೇಕಲ್ಲ, ಗಾಯದ ಜೊತೆ ಬಣ್ಣವನ್ನೂ ಗಮನಿಸಿ. ಅನುಮಾನದ ಕಲೆಯ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ, ಮುಂದಿನ ತಿಂಗಳು ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ಇನ್ನೊಂದು.

ಮಚ್ಚೆ ಮಾತ್ರ ಅಲ್ಲ. ಹಿಂದೆಂದೋ ಬೆಂಕಿಯಿಂದ ಸುಟ್ಟು ವಾಸಿಯಾದ ಕಲೆಯಲ್ಲಿ ವರ್ಷಗಳ ನಂತರ ಹುಣ್ಣೆದ್ದರೆ, ಲಂಗದ ಲಾಡಿ ಬಿಗಿದು ಬಿಗಿದು ಸೊಂಟದಲ್ಲಿ ಕಪ್ಪಾದ ಜಾಗ ಗಾಯವಾಗಿ ಮಾಯದೇ ಇದ್ದರೆ, ಅದನ್ನೂ ತೋರಿಸಬೇಕು. ಅಂಥ ಜಾಗದಲ್ಲಿ ಸ್ಕ್ವಾಮಸ್ ಸೆಲ್ ಎಂಬ ಕ್ಯಾನ್ಸರ್ ಬರುವುದನ್ನು ನಮ್ಮ ದೇಶದ ವೈದ್ಯರು ಬಹಳ ಹಿಂದಿನಿಂದ ದಾಖಲಿಸಿದ್ದಾರೆ.

ಎಷ್ಟು ದಿನಕ್ಕೊಮ್ಮೆ ಮ್ಯಾಪಿಂಗ್?

ಒಂದು ಮಚ್ಚೆಯ ಮೇಲೆ ಸಣ್ಣ ಅನುಮಾನ ಇದ್ದರೆ ಮೂರು ತಿಂಗಳಿಗೆ ಮತ್ತೆ ಕರೆಯುತ್ತಾರೆ. ಇಡೀ ಮೈಗೆ 6ರಿಂದ 12 ತಿಂಗಳು. ತಪ್ಪದೆ ಹೋಗಿ, ಎರಡನೇ ಭೇಟಿ ಇಲ್ಲದಿದ್ದರೆ ಮೊದಲನೆಯ ಫೋಟೋಗಳಿಂದ ಅಷ್ಟೇನೂ ಉಪಯೋಗ ಇಲ್ಲ.

ಬಸುರಿಯಲ್ಲಿ ಮಚ್ಚೆ ಬದಲಾಗುತ್ತಾ?

ಹೊಟ್ಟೆ, ಎದೆಯ ಚರ್ಮ ಹಿಗ್ಗುವಾಗ ಅಲ್ಲಿಯ ಮಚ್ಚೆಯೂ ಹಿಗ್ಗುತ್ತದೆ. ಬೇರೆ ಕಡೆ ಬದಲಾದರೆ ಬಸುರಿ ಅಂತ ತಳ್ಳಿಹಾಕಬೇಡಿ. ಡರ್ಮೋಸ್ಕೋಪ್‌ನಿಂದ ಮಗುವಿಗೆ ಏನೂ ಆಗುವುದಿಲ್ಲ.

ಊರಲ್ಲಿ ಇಂಥ ಯಂತ್ರ ಇಲ್ಲ. ಎಲ್ಲಿ ತೋರಿಸಲಿ?

ಯಂತ್ರ ಬೇಕಿಲ್ಲ. ಜಿಲ್ಲಾಸ್ಪತ್ರೆಯ ಅಥವಾ ಹತ್ತಿರದ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಹೋಗಿ. ಅಲ್ಲಿ ಒಂದು ಡರ್ಮೋಸ್ಕೋಪ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಬಯಾಪ್ಸಿ ಮಾಡಬಲ್ಲರು. ಕ್ಯಾನ್ಸರ್ ಎಂದು ಖಚಿತವಾದರೆ ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗೆ ಕಳಿಸುತ್ತಾರೆ. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಕೇಳಿ, ರೆಫರಲ್ ಚೀಟಿ ಬರೆಸಿಕೊಂಡೇ ಹೊರಡಿ. ಬಯಾಪ್ಸಿ ರಿಪೋರ್ಟ್ ಜೊತೆಗೆ ಲ್ಯಾಬಿನಿಂದ ಸ್ಲೈಡ್ (ತುಣುಕಿನ ತೆಳು ಪದರ ಅಂಟಿಸಿದ ಗಾಜು) ಮತ್ತು ಬ್ಲಾಕ್ (ತುಣುಕನ್ನು ಹುದುಗಿಸಿದ ಮೇಣದ ಗಟ್ಟಿ) ಕೂಡ ಇಸಿದುಕೊಳ್ಳಿ. ದೊಡ್ಡಾಸ್ಪತ್ರೆಯಲ್ಲಿ ಮತ್ತೊಮ್ಮೆ ನೋಡಲು ಅವನ್ನು ಕೇಳುತ್ತಾರೆ, ಇಲ್ಲದಿದ್ದರೆ ಅದಕ್ಕಾಗಿಯೇ ಇನ್ನೊಂದು ಸಲ ಊರಿಗೆ ಓಡಬೇಕಾಗುತ್ತದೆ.

ನನ್ನ ಮೈಯ ಫೋಟೋಗಳು ಯಾರ ಕೈಗೆ ಸಿಗುತ್ತವೆ?

ಕೇಳಲೇಬೇಕಾದ ಪ್ರಶ್ನೆ. ಎಲ್ಲಿ ಇಡುತ್ತೀರಿ, ಎಷ್ಟು ವರ್ಷ ಇಡುತ್ತೀರಿ, ಯಾರು ನೋಡುತ್ತಾರೆ, ಕಂಪ್ಯೂಟರಿಗೆ ಕಲಿಸಲು ಬಳಸುತ್ತೀರಾ ಎಂದು ಸಹಿ ಹಾಕುವ ಮುಂಚೆ ಕೇಳಿ. ಸಂಶೋಧನೆಗೆ ಕೊಡುವುದು ನಿಮ್ಮ ಇಷ್ಟ, ಒಪ್ಪದಿದ್ದರೆ ಪರೀಕ್ಷೆ ನಿಲ್ಲಿಸುವಂತಿಲ್ಲ. ಸಿಬ್ಬಂದಿ ಸ್ವಂತ ಫೋನಿನಲ್ಲಿ ಫೋಟೋ ತೆಗೆಯಲು ಬಂದರೆ ಬೇಡ ಅನ್ನಿ. ನಿಮ್ಮ ಫೋಟೋಗಳ ಒಂದು ಪ್ರತಿಯನ್ನು ನೀವೂ ಪಡೆದು ಇಟ್ಟುಕೊಳ್ಳಿ. ಊರು ಬದಲಿಸಿದಾಗ ಹೊಸ ಡಾಕ್ಟರು ಹೋಲಿಸಿ ನೋಡಲು ಅದೇ ಬೇಕಾಗುತ್ತದೆ.